ಹಗ್ಗ ಕಾಣದ ಕರು

ನಮ್ಮ ಬೊಳ್ಳಿ ಗುಡ್ಡೆಗೆ ಮೇಯಲು ಹೋದವಳು ಎರಡು ಮಳೆಗಾಲ ವಾಪಸು ಬರಲಿಲ್ಲ.

1986ರ ಮಾತು. ಹೆಬ್ರಿಯಿಂದ ಒಳಗೆ, ಘಟ್ಟದ ಬುಡದಲ್ಲಿ ನಮ್ಮ ಹಿರಿಯರ ಮನೆ. ಹಟ್ಟಿಯಲ್ಲಿ ಹತ್ತು ಹನ್ನೊಂದು ದನ. ಎಲ್ಲವೂ ಊರ ದನಗಳೇ. ಈಗ ಅವಕ್ಕೆ ಮಲೆನಾಡು ಗಿಡ್ಡ ಅಂತ ಮರ್ಯಾದೆಯ ಹೆಸರು ಬಂದಿದೆ. ಆಗ ಬರೀ ಪೆತ್ತ, ಅಂದರೆ ತುಳುವಿನಲ್ಲಿ ದನ. ಸೊಂಟದೆತ್ತರದ ಪ್ರಾಣಿ, ಎರಡು ಕುಡ್ತೆ ಹಾಲು, ಒಂದು ಗಾಡಿ ಜಂಭ. ಬೆಳಿಗ್ಗೆ ಹಗ್ಗ ಬಿಚ್ಚಿದರೆ ತಾವೇ ಗುಡ್ಡೆ ಹತ್ತುತ್ತಿದ್ದವು. ಸಂಜೆ ತಾವೇ ಇಳಿದು ಬಂದು ಅವರವರ ಕಂಬದ ಹತ್ತಿರ ನಿಲ್ಲುತ್ತಿದ್ದವು. ಕಾಯಲು ಯಾರೂ ಹೋಗುತ್ತಿರಲಿಲ್ಲ.

ಆಟಿ ತಿಂಗಳ ಒಂದು ಸಂಜೆ ಹತ್ತು ಬಂದವು, ಬೊಳ್ಳಿ ಬರಲಿಲ್ಲ. ಅಪ್ಪ ಮೂರು ದಿನ ಮಳೆಯಲ್ಲಿ ಹುಡುಕಿದರು. ಅಮ್ಮ ದೈವಕ್ಕೆ ಹೇಳಿಕೊಂಡರು. ನಾಲ್ಕನೇ ದಿನ ಎಲ್ಲರೂ ಚಿರತೆಯ ಮೇಲೆ ಹಾಕಿ ಸುಮ್ಮನಾದೆವು.

1987ರ ದೀಪಾವಳಿ ಕಳೆದು ಒಂದು ವಾರ. ಸಂಜೆ ಅಮ್ಮ ದೀಪ ಹಚ್ಚುವ ಹೊತ್ತಿಗೆ ಬೊಳ್ಳಿ ಸೀದಾ ಅಂಗಳ ದಾಟಿ, ಹಟ್ಟಿಗೆ ನುಗ್ಗಿ, ಎಡಗಡೆಯ ಮೂರನೇ ಕಂಬದ ಹತ್ತಿರ ನಿಂತಳು. ಅದು ಅವಳದೇ ಕಂಬ. ಅಲ್ಲಿ ಕಟ್ಟಿದ್ದ ಇನ್ನೊಂದು ದನವನ್ನು ಕೊಂಬಿನಲ್ಲಿ ಒತ್ತಿ ಬದಿಗೆ ಸರಿಸಿದಳು ಕೂಡ. ನಿನ್ನೆ ಹೋಗಿ ಇವತ್ತು ಬಂದವರ ಹಾಗೆ!

ಅವಳ ಹಿಂದೆ ಒಂದು ಕರು ಬಂದಿತ್ತು. ಸುಮಾರು ಒಂಬತ್ತು ತಿಂಗಳಿನದು, ಹೆಣ್ಣು, ಇದ್ದಿಲು ಬಣ್ಣ. ಅದು ಅಂಗಳಕ್ಕೆ ಬರಲಿಲ್ಲ. ಅಡಿಕೆ ತೋಟದ ಅಂಚಿನಲ್ಲಿ ನಿಂತು ನಮ್ಮನ್ನು ನೋಡಿತು. ನನಗಾಗ ಹದಿನೈದು ವರ್ಷ. ದನದ ಕಣ್ಣಲ್ಲಿ ನಾನು ಅಂಥ ನೋಟ ಕಂಡದ್ದು ಅದೇ ಮೊದಲು. ನಾವು ಮಿಗ ನೋಡುವಾಗ ಮಿಗ ನಮ್ಮನ್ನು ನೋಡುತ್ತದಲ್ಲ, ಆ ಥರ.

ಆ ಕರುವಿನ ಕತೆ ಆಮೇಲೆ ಹೇಳುತ್ತೇನೆ. ಮೊದಲು ಒಂದು ದ್ವೀಪದ ವಿಷಯ.

ನಾನು ಹಡಗಿನ ಇಂಜಿನ್ ರೂಮಿನವನು. ಇಪ್ಪತ್ತನಾಲ್ಕು ವರ್ಷ ಸಮುದ್ರದಲ್ಲಿದ್ದು ಈಗ ಕಟಪಾಡಿಯಲ್ಲಿ ಕೂತಿದ್ದೇನೆ. ಇಂಜಿನ್ ರೂಮಿನವರಿಗೆ ಸಮುದ್ರ ಅಂದರೆ ಶಬ್ದ ಮತ್ತು ಸೆಕೆ. ನೀರು ಕಾಣುವುದು ಮೇಲೆ ಬಂದಾಗ ಮಾತ್ರ. 2004ರ ಜೂನ್‌ನಲ್ಲಿ ಡರ್ಬನ್‌ನಿಂದ ಆಸ್ಟ್ರೇಲಿಯಾ ಕಡೆಗೆ ಖಾಲಿ ಹಡಗು ಹೋಗುತ್ತಿತ್ತು. ಅಲ್ಲಿ ಆಗ ಚಳಿಗಾಲ. ವಾಚ್ ಮುಗಿಸಿ ಚಹಾ ಹಿಡಿದು ಡೆಕ್‌ಗೆ ಬಂದಾಗ ದೂರದಲ್ಲಿ ಒಂದು ಬೂದು ಗುಡ್ಡೆ. ತಲೆಯ ಮೇಲೆ ಮೋಡದ ಮುಟ್ಟಾಳೆ. ಎಂಟು ದಿನದಿಂದ ನೀರು ಬಿಟ್ಟು ಬೇರೆ ಏನೂ ಕಂಡಿರಲಿಲ್ಲ. ಸೆಕೆಂಡ್ ಆಫೀಸರ್ ಚಾರ್ಟ್ ತೋರಿಸಿದ. ಆಮ್‌ಸ್ಟರ್‌ಡ್ಯಾಮ್ ದ್ವೀಪ. ಫ್ರಾನ್ಸಿನದು. “ಅಲ್ಲಿ ಒಂದಿಪ್ಪತ್ತು ಜನ ಇದ್ದಾರಂತೆ, ಗಾಳಿ ಅಳೆಯುವವರು” ಅಂದ. ಅರ್ಧ ಗಂಟೆ ನೋಡಿದೆ. ಚಹಾ ಆರಿತು. ಕೆಳಗೆ ಹೋದೆ.

ಆ ಗುಡ್ಡೆಯ ಮೇಲೆ ಆ ಹೊತ್ತಿಗೆ ನೂರಾರು ದನಗಳು ಮೇಯುತ್ತಿದ್ದವು ಅಂತ ಗೊತ್ತಾದದ್ದು ಇಪ್ಪತ್ತು ವರ್ಷ ಆದ ಮೇಲೆ. 2024ರಲ್ಲಿ ವಿಜ್ಞಾನಿಗಳು ಆ ದನಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಹಳೆಯ ಶಿಪ್‌ಮೇಟ್ ಒಬ್ಬ ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿ, “ನಿನಗೆ ದನ ಇಷ್ಟ ಅಲ್ವಾ” ಅಂತ ಬರೆದ. ಅವತ್ತಿನಿಂದ ಇವತ್ತಿನವರೆಗೆ ನನಗೆ ಇದೇ ಹುಚ್ಚು.

ಜಾಗ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ನೇರ ದಕ್ಷಿಣಕ್ಕೆ ಗೆರೆ ಎಳೆಯಿರಿ. ಕನ್ಯಾಕುಮಾರಿಯ ಹತ್ತಿರ ನೆಲ ಮುಗಿಯುತ್ತದೆ. ಹಾಗೇ ಎಳೆಯುತ್ತಾ ಹೋಗಿ, ಸಮಭಾಜಕ ದಾಟಿ, ಮತ್ತೂ ನಾಲ್ಕು ಸಾವಿರ ಕಿಲೋಮೀಟರ್. ಆ ಗೆರೆಯ ಮೇಲೆಯೇ ಈ ದ್ವೀಪ ಸಿಗುತ್ತದೆ. ಸುಮಾರು 55 ಚದರ ಕಿಲೋಮೀಟರ್ ಇರುವ ಒಂದು ಜ್ವಾಲಾಮುಖಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಉಡುಪಿಯಿಂದ ಕಟಪಾಡಿಗೆ ಬಂದಷ್ಟು ದೂರ. ಎತ್ತರ 881 ಮೀಟರ್. 1522ರಲ್ಲಿ ಮೆಗಲನ್‌ನ ಹಡಗನ್ನು ವಾಪಸು ಒಯ್ಯುತ್ತಿದ್ದ ಎಲ್ಕಾನೋ ಇದನ್ನು ಕಂಡು ಮುಂದೆ ಹೋದ. 1633ರಲ್ಲಿ ಡಚ್ಚರ ವ್ಯಾನ್ ಡೀಮನ್ ತನ್ನ ಹಡಗಿನ ಹೆಸರನ್ನೇ ಇದಕ್ಕೆ ಇಟ್ಟ. ಸುತ್ತ ಕಡಿದಾದ ಬಂಡೆ, ವರ್ಷವಿಡೀ ಗಾಳಿ. ನಮ್ಮ ಪಡುಕೆರೆಯಲ್ಲಿ ಜುಲೈ ತಿಂಗಳಲ್ಲಿ ಬೀಸುತ್ತದಲ್ಲ, ಅಂಥದ್ದು ಅಲ್ಲಿ ಮಾಮೂಲಿ.

1871ರ ಜನವರಿಯಲ್ಲಿ ರಿಯೂನಿಯನ್ ದ್ವೀಪದಿಂದ ಹರ್ಟಿನ್ ಎಂಬ ಒಬ್ಬ ರೈತ ಹೆಂಡತಿ ಮಕ್ಕಳು, ಕೆಲಸದವರು ಮತ್ತು ಐದು ದನಗಳನ್ನು ಕಟ್ಟಿಕೊಂಡು ಇಲ್ಲಿ ಇಳಿದ. ಬೇಸಾಯ ಮಾಡುತ್ತೇನೆ ಅಂತ ಲೆಕ್ಕ ಹಾಕಿದ್ದ. ಆಗಸ್ಟ್‌ಗೆ ಸಾಕಪ್ಪಾ ಸಾಕು ಅಂತ ಎದ್ದು ಹೋದ. ಜನ ಹಡಗು ಹತ್ತಿದರು, ದನಗಳು ಉಳಿದವು.

ಇದನ್ನು ನಾನು ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅಮ್ಮನಿಗೆ ಈಗ ಎಂಬತ್ತನಾಲ್ಕು. ಕಣ್ಣು ಮಂಜು, ಕಿವಿ ಚುರುಕು. ಅವರು ಕೇಳಿದ ಮೊದಲ ಪ್ರಶ್ನೆ, “ಐದರಲ್ಲಿ ಗಂಡೆಷ್ಟು?”

ಅದು ಎಲ್ಲೂ ಸಿಗಲಿಲ್ಲ ಅಂದೆ.

“ಒಂದೇ ಹೋರಿ ಇದ್ದು ಅದು ಬಂಡೆಯಿಂದ ಜಾರಿದ್ರೆ ಮುಗೀತು” ಅಂದರು. “ಹಾಲು ಕರೆಯದೆ ಕೆಚ್ಚಲು ಬಾತು ಸಾಯಲಿಲ್ವಾ?”

ಪ್ರಶ್ನೆ ಸರಿಯಾದದ್ದೇ. ಈಗಿನ ಮಿಶ್ರತಳಿಯ ದನವನ್ನು ಎರಡು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ. ಆದರೆ ಕರು ಜೊತೆಗಿದ್ದರೆ, ಹಾಲು ಕರುವಿಗೆ ಸಾಲುವಷ್ಟೇ ಇದ್ದರೆ, ಕರೆಯುವವರು ಬೇಕೇ ಇಲ್ಲ. ನಮ್ಮ ಗಿಡ್ಡ ದನಗಳ ಕತೆಯೂ ಅದೇ. ಬೊಳ್ಳಿಯನ್ನು ಅಷ್ಟು ದಿನ ಯಾರು ಕರೆದರು?

ಐದು ದನಗಳು ಸಾಯಲಿಲ್ಲ. 1950ರ ದಶಕಕ್ಕೆ ಸುಮಾರು ಎರಡು ಸಾವಿರ ಆದವು. ನಡುವೆ ಕಡಿಮೆಯಾಗಿ, 1988ರಲ್ಲಿ ಮತ್ತೆ ಎರಡು ಸಾವಿರದ ಹತ್ತಿರ ಇದ್ದವು. ಗೊಬ್ಬರ, ಹಿಂಡಿ, ಚುಚ್ಚುಮದ್ದು, ಕೃತಕ ಗರ್ಭಧಾರಣೆ, ಸಾಲ, ಸಬ್ಸಿಡಿ ಒಂದೂ ಇಲ್ಲದೆ. ವರ್ಷವಿಡೀ ಹರಿಯುವ ಹೊಳೆ ಕೂಡ ಆ ದ್ವೀಪದಲ್ಲಿ ಇಲ್ಲ. ಮಳೆ ನೀರು ನಿಂತ ಹೊಂಡ, ಜೌಗು, ಒದ್ದೆ ಹುಲ್ಲು ಅಷ್ಟೇ.

ಸಣ್ಣವನಿದ್ದಾಗ ಒಬ್ಬ ಸಲಹೆಗಾರರು ನಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದ್ದು ನೆನಪಾಯಿತು. “ಈ ಕಸವನ್ನೆಲ್ಲ ಮಾರಿ, ಎರಡು ಒಳ್ಳೆಯ ಜಾತಿ ದನ ಕಟ್ಟಿ.” ಅಪ್ಪ ಮಾರಲಿಲ್ಲ. ಎರಡು ಜಾತಿ ದನವನ್ನೂ ಕಟ್ಟಿದರು. ಅವಕ್ಕೆ ಫ್ಯಾನ್ ಬೇಕಾಯಿತು. ನಮಗೇ ಆಗ ಫ್ಯಾನ್ ಇರಲಿಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ದನಗಳನ್ನು ನೋಡಲು ಹೋದ ವಿಜ್ಞಾನಿಗಳು ಕಂಡದ್ದೇನು? ಹಸು, ಕರು, ಕಡಸುಗಳದ್ದು ಒಂದು ಪಂಗಡ. ಗಂಡುಗಳದ್ದು ಬೇರೆ. ಪ್ರಾಯದ ಹೋರಿಗಳು ಮೂರು ನಾಲ್ಕು ಸೇರಿ ತಿರುಗುತ್ತವೆ. ಮುದಿ ಹೋರಿ ಒಂಟಿ. ಬೆದೆಯ ಕಾಲ ಬಂದಾಗ ಎರಡೂ ಕಡೆಯವು ಸೇರುತ್ತವೆ, ಮುಗಿದ ಮೇಲೆ ಮತ್ತೆ ಅವರವರ ದಾರಿ. ಇದೇ ಏರ್ಪಾಡು ಕಾಡುಕೋಣದಲ್ಲೂ ಇದೆ. ಕುದುರೆಮುಖದ ಕಡೆ ಹೋದವರು ನೋಡಿರುತ್ತೀರಿ. ಅಂದರೆ ಸಾವಿರಾರು ವರ್ಷ ಹಗ್ಗದಲ್ಲಿದ್ದರೂ ಒಳಗಿನ ಆ ವ್ಯವಸ್ಥೆ ಅಳಿಸಿರಲಿಲ್ಲ. ನಾವು ಹೋರಿಗಳನ್ನು ಬೀಜ ಒಡೆದು ಎತ್ತು ಮಾಡಿ, ಗಂಡುಗರು ಮಾರಿ, ಹಸುಗಳನ್ನು ಒಂದೊಂದೇ ಕಂಬಕ್ಕೆ ಕಟ್ಟಿದ್ದರಿಂದ ಅದು ನಮಗೆ ಕಾಣುತ್ತಿರಲಿಲ್ಲ, ಅಷ್ಟೇ.

ಕಂಡರೂ ಗಮನಿಸುವುದಿಲ್ಲ ಅನ್ನುವುದೇ ಜಾಸ್ತಿ ಸರಿ. ಕಟಪಾಡಿಯ ಹೆದ್ದಾರಿ ಬದಿಯಲ್ಲಿ ಬೀಡಾಡಿ ದನಗಳ ಒಂದು ಹಿಂಡಿದೆ. ಹನ್ನೆರಡೋ ಹದಿಮೂರೋ. ಈ ಹುಚ್ಚು ಹಿಡಿದ ಮೇಲೆ ನಾನು ಸಂಜೆ ವಾಕಿಂಗ್ ಅಂತ ಹೋಗಿ ಅವನ್ನೇ ನೋಡುತ್ತೇನೆ. ಒಂದು ಕೊಂಬು ಮುರಿದ ಕಂದು ಹಸು ಮೊದಲು ಏಳುತ್ತದೆ. ಅದು ನಡೆದರೆ ಉಳಿದವು ನಡೆಯುತ್ತವೆ. ತರಕಾರಿ ಅಂಗಡಿ ಬಾಗಿಲು ಹಾಕುವ ಹೊತ್ತು ಅದಕ್ಕೆ ನಿಮಿಷದ ಲೆಕ್ಕದಲ್ಲಿ ಗೊತ್ತು. ಹೋರಿ ಎರಡಿವೆ. ಒಂದಕ್ಕೊಂದು ಎದುರಾದಾಗ ತಕ್ಷಣ ಹಾಯುವುದಿಲ್ಲ. ಅಡ್ಡ ನಿಂತು ಮೈ ಉದ್ದ ತೋರಿಸುತ್ತವೆ. ತಲೆ ತಗ್ಗಿಸಿ, ಗೊರಸಿನಲ್ಲಿ ಮಣ್ಣು ಕೆದರಿ ಬೆನ್ನ ಮೇಲೆ ಹಾರಿಸುತ್ತವೆ. ಹತ್ತರಲ್ಲಿ ಒಂಬತ್ತು ಸಲ ಒಂದು ಸುಮ್ನೆ ಆಚೆ ತಿರುಗಿ ಹುಲ್ಲು ಮೇಯುವ ನಾಟಕ ಮಾಡುತ್ತದೆ. ಜಗಳ ಮುಗಿಯಿತು. ನಮ್ಮ ಸೊಸೈಟಿಯ ವಾರ್ಷಿಕ ಸಭೆಗಿಂತ ಎಷ್ಟೋ ಮರ್ಯಾದಸ್ಥರು.

ಇಂಥದ್ದೇ ಇನ್ನೊಂದು ಜಾಗ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿದೆ. ಸ್ವೋನಾ ಅಂತ ಪುಟ್ಟ ದ್ವೀಪ. 1974ರಲ್ಲಿ ಕೊನೆಯ ಮನೆಯವರು ಬಿಟ್ಟು ಹೋದಾಗ ದನಗಳು ಅಲ್ಲೇ ಉಳಿದವು. ಅಲ್ಲಿ ಸೋತ ಹೋರಿಯನ್ನು ಹಿಂಡಿನಿಂದ ಹೊರಹಾಕುತ್ತವೆ. ಅದು ದ್ವೀಪದ ಒಂದು ಬದಿಯಲ್ಲಿ ಒಂಟಿಯಾಗಿ ದಿನ ಕಳೆಯುತ್ತದೆ. ಇದನ್ನು ಹೇಳಿದಾಗ ಅಮ್ಮ, “ನಿನ್ನ ಅಜ್ಜನೂ ಕೊನೆಗೆ ಪಡಸಾಲೆಯಲ್ಲೇ ಇದ್ದದ್ದು” ಅಂದರು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ವಿಚಿತ್ರ ಕಂಡಿತ್ತು. ಜಿಂಕೆ, ಕಾಡುಮೇಕೆಯಂಥ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಗಂಡು ಬೇಗ ಸಾಯುತ್ತದೆ. ಮೈ ದೊಡ್ಡದು, ಕಾದಾಟ ಜಾಸ್ತಿ, ಬೆದೆಯಲ್ಲಿ ಊಟ ಬಿಡುತ್ತದೆ. ಇಲ್ಲಿ ಉಲ್ಟಾ. ಹಸುಗಳೇ ಹೆಚ್ಚು ಸತ್ತವು. ದೊಡ್ಡ ದನಗಳನ್ನು ಎಣಿಸಿದರೆ ಹೋರಿಗಳೇ ಜಾಸ್ತಿ. 1993ರಲ್ಲಿ ಇದರ ಮೇಲೆಯೇ ಒಂದು ಪ್ರಬಂಧ ಬಂದಿದೆ. ನಾನು ಅಮ್ಮನಿಗೆ ಒಗಟಿನ ಹಾಗೆ ಕೇಳಿದೆ, ಯಾಕೆ ಹೇಳಿ?

ಅವರು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದವರು ತಲೆ ಎತ್ತಲೂ ಇಲ್ಲ. “ಕಡಸಾಗಿದ್ದಾಗಲೇ ಗಬ್ಬ ಆಗ್ತದೆ. ಮೇವಿಲ್ಲದ ತಿಂಗಳಲ್ಲಿ ಹೊಟ್ಟೆಯೊಳಗೆ ಒಂದು, ಕೆಚ್ಚಲಲ್ಲಿ ಒಂದು. ಸಾಯದೆ ಏನು ಮಾಡ್ತದೆ?”

ಪ್ರಬಂಧ ಹೇಳುವುದೂ ಹೆಚ್ಚುಕಡಿಮೆ ಅದೇ. ಮೈ ಪೂರ್ತಿ ಬೆಳೆಯುವ ಮೊದಲೇ ಬಸಿರು, ಅದರ ಜೊತೆಗೆ ಮೇವಿನ ಕೊರತೆ.

ಹುಟ್ಟಿದ ಕರುವನ್ನು ಅಡಗಿಸಿಡುವ ಬುದ್ಧಿ ಕೂಡ ದನಕ್ಕೆ ಯಾರೂ ಕಲಿಸಬೇಕಿಲ್ಲ. ಬಿಟ್ಟು ಮೇಯಿಸುವ ಯಾವ ಮನೆಯವರನ್ನಾದರೂ ಕೇಳಿ. ಹಸು ಗುಡ್ಡೆಯಲ್ಲಿ ಕರು ಹಾಕಿ, ಪೊದೆಯೊಳಗೆ ಮಲಗಿಸಿ, ತಾನು ಮಾತ್ರ ಸಂಜೆ ಹಟ್ಟಿಗೆ ಬರುತ್ತದೆ. ಹೊಟ್ಟೆ ಇಳಿದಿರುತ್ತದೆ, ಕರು ಇಲ್ಲ. ಮರುದಿನ ಬೆನ್ನು ಹತ್ತಿದರೆ ನಮ್ಮನ್ನು ಬೇರೆಯೇ ದಿಕ್ಕಿಗೆ ಕರೆದುಕೊಂಡು ಹೋಗುತ್ತದೆ. ನಾನು ಹೀಗೆ ಮೂರು ಸಲ ಮೋಸ ಹೋಗಿದ್ದೇನೆ. ಕರುವೂ ಅಷ್ಟೇ, ಹತ್ತಿರ ಹೋದರೂ ಮಿಸುಕುವುದಿಲ್ಲ. ಎಲೆಯ ಮೇಲೆ ಎಲೆಯ ಹಾಗೆ ಬಿದ್ದಿರುತ್ತದೆ. ಹಟ್ಟಿಯ ದನವನ್ನು ದಡ್ಡ ಅನ್ನುವವರು ಈ ಆಟಕ್ಕೆ ಒಮ್ಮೆ ಸಿಕ್ಕಿ ನೋಡಬೇಕು.

ಈಗ ಆ 2024ರ ಲೇಖನಕ್ಕೆ ಬರುತ್ತೇನೆ. ಹಿಂದೆ ಯಾರೋ ಜೋಪಾನವಾಗಿ ತೆಗೆದಿಟ್ಟಿದ್ದ ಹದಿನೆಂಟು ದನಗಳ ಡಿಎನ್‌ಎ ಓದಿ ಬರೆದದ್ದು. ಅದರಲ್ಲಿ ಮೂರು ಮಾತು ನನಗೆ ಹಿಡಿಸಿತು.

ಮೊದಲನೆಯದು ವಂಶ. ಮುಕ್ಕಾಲು ಪಾಲು ಯುರೋಪಿನ ದನ, ಜೆರ್ಸಿಯ ಹತ್ತಿರದ್ದು. ಉಳಿದ ಕಾಲು ಪಾಲು ಹಿಂದೂ ಮಹಾಸಾಗರದ ದ್ವೀಪಗಳ ಡುಬ್ಬದ ದನ, ಅಂದರೆ ಮಡಗಾಸ್ಕರ್ ಕಡೆಯದ್ದು. ಡುಬ್ಬದ ದನದ ಮೂಲ ನಮ್ಮ ಉಪಖಂಡವೇ. ಹಾಗಾದರೆ ಬೊಳ್ಳಿಗೂ ಅವಕ್ಕೂ ದೂರದ ನೆಂಟಸ್ತಿಕೆ ಇದೆ ಅಂತ ಆಯಿತು. ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಕಂಬ ಕಂಬದ ಕಲ್ಲು ಇದೆಯಲ್ಲ, ಅದು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಲಾವಾ. ನೆಲ ಬಿಟ್ಟು ಹೋಯಿತು. ದನ ಎಷ್ಟೋ ಕಾಲದ ಮೇಲೆ ಮನುಷ್ಯರ ಜೊತೆ ಅದೇ ನೆಲಕ್ಕೆ ಹೋಯಿತು. ಇದು ವಿಷಯಕ್ಕೆ ಸಂಬಂಧ ಇಲ್ಲದ್ದು. ಆದರೂ ಮೊನ್ನೆ ನೆಂಟರನ್ನು ಆ ದ್ವೀಪಕ್ಕೆ ಕರೆದುಕೊಂಡು ಹೋದಾಗ ನನಗೆ ಬೇರೆ ಏನೂ ತಲೆಗೆ ಬರಲಿಲ್ಲ.

ಎರಡನೆಯದು ಗಾತ್ರ. 2017ರಲ್ಲಿ ಬಂದ ಒಂದು ಅಧ್ಯಯನ, ಈ ದನಗಳು ದ್ವೀಪಕ್ಕೆ ಬಂದ ಮೇಲೆ ನೂರು ಚಿಲ್ಲರೆ ವರ್ಷದಲ್ಲಿ ಕುಳ್ಳಾಗಿವೆ, ಮುಕ್ಕಾಲು ಗಾತ್ರಕ್ಕೆ ಇಳಿದಿವೆ ಅಂದಿತ್ತು. ಹೊಸ ಲೇಖನ ಅದನ್ನು ಒಪ್ಪುವುದಿಲ್ಲ. ಬಂದ ಐದು ದನಗಳೇ ಸಣ್ಣ ಜಾತಿಯವು, ದ್ವೀಪ ಅವನ್ನು ಕುಗ್ಗಿಸಲಿಲ್ಲ ಅನ್ನುತ್ತದೆ. ನನ್ನ ಓಟು ಹೊಸದಕ್ಕೆ. ಯಾಕೆಂದರೆ ನಮ್ಮ ಗಿಡ್ಡವನ್ನು ನೋಡಿದವರೂ ಇದೇ ತಪ್ಪು ಮಾಡುತ್ತಾರೆ. “ಮೇವು ಸಾಲದೆ ಕುಳ್ಳಾಗಿದೆ, ಚೆನ್ನಾಗಿ ಹಾಕಿದರೆ ದೊಡ್ಡದಾಗ್ತದೆ” ಅನ್ನುತ್ತಾರೆ. ಹಾಕಿ ನೋಡಿ, ದಪ್ಪ ಆಗುತ್ತದೆ. ಎತ್ತರ ಆಗುವುದಿಲ್ಲ.

ಮೂರನೆಯದಕ್ಕೇ ನಾನು ಇಷ್ಟೆಲ್ಲ ಬರೆಯಲು ಕೂತದ್ದು. ದ್ವೀಪದಲ್ಲಿ ಈ ದನಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬದಲಾದ ಜೀನ್‌ಗಳು ಯಾವುವು ಅಂತ ಹುಡುಕಿದರೆ, ಹೆಚ್ಚಿನವು ನರಮಂಡಲಕ್ಕೆ ಸೇರಿದವು. ಚಳಿ ತಡೆಯುವುದಕ್ಕೆ ಅವಕ್ಕೆ ಹೊಸದೇನೂ ಬೇಕಿರಲಿಲ್ಲ, ಯುರೋಪಿನ ರಕ್ತದಲ್ಲಿ ಅದು ಮೊದಲೇ ಇತ್ತು. ಐದರಿಂದ ಎರಡು ಸಾವಿರ ಆದದ್ದರಿಂದ ಒಳಸಂಬಂಧ ವಿಪರೀತ, ಆದರೂ ಮುಳುಗಲಿಲ್ಲ. ಬದಲಾದದ್ದು ತಲೆ. ಹೆದರಿಕೆ, ಎಚ್ಚರ, ಸಿಟ್ಟು, ಇದರದ್ದೆಲ್ಲ ಹದ ಬದಲಾಯಿತು ಅಂತ ನಾನು ಅರ್ಥ ಮಾಡಿಕೊಂಡೆ.

ಓದಿದ ಕೂಡಲೇ ತೋಟದ ಅಂಚಿನಲ್ಲಿ ನಿಂತ ಆ ಕಪ್ಪು ಕರು ಕಣ್ಣ ಮುಂದೆ ಬಂತು. ಮೊದಲು, ಇದೇ ಅದು ಅನ್ನಿಸಿತು. ಆಮೇಲೆ ಇಂಜಿನಿಯರ್ ಬುದ್ಧಿ ಅಡ್ಡ ಬಂತು. ಒಂದು ಕರುವಿನಲ್ಲಿ ಜೀನ್ ಬದಲಾಗುವುದಿಲ್ಲ ಮಾರಾಯ. ಅದರ ತಾಯಿ ಬೊಳ್ಳಿ, ಅಪ್ಪ ಆಚೆ ಮನೆಯ ಹೋರಿಯೇ ಇರಬೇಕು. ಹಟ್ಟಿಯಲ್ಲಿ ಹುಟ್ಟಿದ್ದರೆ ಅದೇ ಕರು ಅಮ್ಮನ ಸೀರೆ ಸೆರಗು ಜಗಿಯುತ್ತಿತ್ತು. ಅದನ್ನು ಕಾಡು ಮಾಡಿದ್ದು ಮೊದಲ ಕೆಲವು ವಾರ. ಆ ದಿನಗಳಲ್ಲಿ ಮನುಷ್ಯನ ವಾಸನೆ, ಮಾತು, ಕೈ ಯಾವುದೂ ಅದಕ್ಕೆ ಸಿಗಲಿಲ್ಲ. ದ್ವೀಪದಲ್ಲಿ ಶುರುವಾದದ್ದೂ ಹೀಗೇ ಇರಬೇಕು. ಹರ್ಟಿನ್‌ನ ಐದು ದನಗಳು ಬೊಳ್ಳಿಯಂಥವು, ಯಾರಾದರೂ ಹಗ್ಗ ಹಿಡಿದು ಬಂದಿದ್ದರೆ ಕುತ್ತಿಗೆ ಕೊಡುತ್ತಿದ್ದವು. ಅವುಗಳ ಕರುಗಳು ಕೊಡುತ್ತಿರಲಿಲ್ಲ. ಒಂದೇ ತಲೆಮಾರು. ಜೀನ್‌ಗಳು ಆಮೇಲೆ, ನಿಧಾನಕ್ಕೆ ಹಿಂದಿನಿಂದ ಬಂದವು.

ಇಷ್ಟು ಹೊತ್ತು ಹೇಳದೇ ಉಳಿಸಿದ್ದನ್ನು ಹೇಳಲೇಬೇಕು. ಆ ದನಗಳು ಈಗ ಇಲ್ಲ. ಕೊಂದರು.

ಅಮ್ಮನಿಗೆ ಇದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು. ನಮ್ಮ ಮನೆಯಲ್ಲಿ ಈಗಲೂ ದೀಪಾವಳಿಗೆ ದನ ಮೀಯಿಸಿ, ಮೈಮೇಲೆ ಲೋಟದ ಬಾಯಿಯಲ್ಲಿ ಶೇಡಿಯ (ಬಿಳಿ ಮಣ್ಣಿನ) ಉಂಗುರ ಒತ್ತಿ, ಹೂ ಹಾಕಿ, ಗಟ್ಟಿ (ಅಕ್ಕಿಯ ಕಡುಬು) ತಿನ್ನಿಸುತ್ತೇವೆ. ಹಾಗಾಗಿ ನಾನು ಮೊದಲು ಹಕ್ಕಿಯ ಕತೆ ಹೇಳಿದೆ.

ಆ ದ್ವೀಪದಲ್ಲಿ ಒಂದು ಕಡಲಕೋಳಿ ಇದೆ, ಆಮ್‌ಸ್ಟರ್‌ಡ್ಯಾಮ್ ಆಲ್ಬಟ್ರಾಸ್. ಲೋಕದಲ್ಲಿ ಬೇರೆ ಎಲ್ಲೂ ಅದು ಮೊಟ್ಟೆ ಇಡುವುದಿಲ್ಲ. ದ್ವೀಪದ ಮೇಲಿನ ಜೌಗು ಬಯಲಿನಲ್ಲಿ, ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಅದು ಬೇರೆಯೇ ಜಾತಿ ಅಂತ ವಿಜ್ಞಾನಕ್ಕೆ ಗೊತ್ತಾದದ್ದು 1983ರಲ್ಲಿ. ಆ ಹೊತ್ತಿಗೆ ವರ್ಷಕ್ಕೆ ಮೊಟ್ಟೆ ಇಡುತ್ತಿದ್ದದ್ದು ಬೆರಳೆಣಿಕೆಯ ಜೋಡಿಗಳು. ದನಗಳು ಆ ಬಯಲಿನವರೆಗೂ ಹತ್ತಿ ನೆಲ ತುಳಿದು ಕೆಸರು ಮಾಡುತ್ತಿದ್ದವು. ಕೆಳಗಿನ ಇಳಿಜಾರಿನಲ್ಲಿ ಫಿಲಿಕಾ ಅನ್ನುವ ಮರದ ಕಾಡು ಇತ್ತು, ಸಾವಿರಾರು ಎಕರೆ. ಬಂದ ಹಡಗಿನವರು ಕಡಿದದ್ದು, ಹಚ್ಚಿದ ಬೆಂಕಿ, ಅದರ ಮೇಲೆ ದನ. ಒಂದು ಮರ ಸತ್ತರೆ ಜಾಗಕ್ಕೆ ಸಸಿ ಏಳಬೇಕಲ್ಲ, ಎದ್ದ ಸಸಿಯನ್ನು ದನ ಉಳಿಸುತ್ತಿರಲಿಲ್ಲ. ಕೊನೆಗೆ ಉಳಿದದ್ದು ಕೆಲವೇ ಎಕರೆ.

1987ರಲ್ಲಿ ದ್ವೀಪಕ್ಕೆ ಅಡ್ಡಲಾಗಿ ಬೇಲಿ ಹಾಕಿದರು. ಹೌದು, ಬೊಳ್ಳಿ ವಾಪಸು ಬಂದ ವರ್ಷವೇ. ಬೇಲಿಯ ದಕ್ಷಿಣಕ್ಕಿದ್ದ ಸಾವಿರಕ್ಕೂ ಹೆಚ್ಚು ದನಗಳನ್ನು ಕೊಂದರು. ಉತ್ತರದಲ್ಲಿ ಒಂದಷ್ಟನ್ನು ಉಳಿಸಿಕೊಂಡರು. ಸಾವಿರಾರು ಫಿಲಿಕಾ ಸಸಿ ನೆಟ್ಟರು. 2010ರ ಹೊತ್ತಿಗೆ ಉತ್ತರದವೂ ಮುಗಿದವು. ನಾನು ಚಹಾ ಹಿಡಿದು ನೋಡಿದ್ದು ಆ ಕೊನೆಯ ಹಿಂಡಿನ ಗುಡ್ಡೆಯನ್ನು.

ಹಕ್ಕಿ ಉಳಿಯಿತು. ಈಗ ಹಲವು ಪಟ್ಟು ಜೋಡಿಗಳು ಗೂಡು ಕಟ್ಟುತ್ತಿವೆ.

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಿಟ್ಟು ಹೋದವನ ಹೆಸರೇನು ಅಂದಿ?” ಅಂದರು. ಹೇಳಿದೆ. “ಅವನನ್ನು ಯಾರೂ ಏನೂ ಕೇಳಲಿಲ್ಲ ಅಲ್ಲ?”

ನನ್ನ ಅಭಿಪ್ರಾಯ ಕೇಳಿದರೆ, ಹಕ್ಕಿಗೆ ಬೇರೆ ಜಾಗ ಇರಲಿಲ್ಲ, ದನಕ್ಕೆ ಇತ್ತು. ಆದರೆ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿಸಿ, ಕಾಡಾಗಿ ಹೋದ ಎರಡು ಸಾವಿರ ದನಗಳನ್ನು ಯಾರು ಎಲ್ಲಿಗೆ ಒಯ್ಯುತ್ತಾರೆ? ನಾನು ಜಾನುವಾರು ಸಾಗಿಸುವ ಹಡಗು ನೋಡಿದ್ದೇನೆ. ಅದಕ್ಕಿಂತ ಗುಂಡು ವಾಸಿ ಅಂತ ಬರೆದರೆ ನನ್ನ ಊರಲ್ಲಿ ಕೆಲವರು ಮಾತು ಬಿಡಬಹುದು. ಬಿಡಲಿ. ಆದರೆ ಸಂಶೋಧಕರಿಗೂ ಬೇಜಾರಿದೆ ಅಂತ ಅನ್ನಿಸುತ್ತದೆ. ಇಂಥ ದನಗಳ ವಂಶದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವಾ ಅಂತ ಅವರೂ ಲೇಖನದಲ್ಲಿ ಎತ್ತಿದ್ದಾರೆ. ಒಂದು ನಾಲ್ಕನ್ನಾದರೂ ಎಲ್ಲಿಗಾದರೂ ಒಯ್ದು ಉಳಿಸಬಹುದಿತ್ತು.

ನ್ಯೂಜಿಲೆಂಡಿನವರು ಹಾಗೆ ಒಂದನ್ನು ಉಳಿಸಿದರು. ಅವರ ದಕ್ಷಿಣದ ಎಂಡರ್ಬಿ ದ್ವೀಪದಲ್ಲೂ ನೂರು ವರ್ಷದ ಕಾಡುದನಗಳಿದ್ದವು, ಸಮುದ್ರದ ಪಾಚಿಯನ್ನೂ ತಿಂದು ಬದುಕಿದವು. ಅವನ್ನೂ 1990ರ ದಶಕದ ಮೊದಲಲ್ಲಿ ಕೊಂದರು. ಒಂದು ಹಸು ಹೇಗೋ ಉಳಿದುಕೊಂಡಿತ್ತು. 1993ರಲ್ಲಿ ಅದನ್ನು ಹಿಡಿದು ತಂದು ‘ಲೇಡಿ’ ಅಂತ ಹೆಸರಿಟ್ಟರು. 1998ರಲ್ಲಿ ಅದರದೇ ಜೀವಕೋಶದಿಂದ ತದ್ರೂಪಿ ಕರು ಹುಟ್ಟಿಸಿದರು. ಡಾಲಿ ಕುರಿ ಎಲ್ಲರಿಗೂ ಗೊತ್ತು, ಲೇಡಿ ಹಸು ಯಾರಿಗೂ ಗೊತ್ತಿಲ್ಲ.

2025ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಬೆಂಕಿ ಬಿತ್ತು. ದ್ವೀಪದ ಅರ್ಧಕ್ಕಿಂತ ಜಾಸ್ತಿ ಸುಟ್ಟಿತು. ಅಲ್ಲಿದ್ದವರನ್ನು ಹಡಗಿನಲ್ಲಿ ಸಾಗಿಸಬೇಕಾಯಿತು. ನನಗೆ ತಕ್ಷಣ ನೆನಪಾದದ್ದು ನಮ್ಮ ಗುಡ್ಡೆ. ಮನೆ ಮನೆಯಲ್ಲಿ ದನ ಇದ್ದಾಗ ಮಾರ್ಚ್ ತಿಂಗಳಿಗೆ ಗುಡ್ಡೆ ಬೋಳಾಗಿರುತ್ತಿತ್ತು, ಕಿಡಿ ಬಿದ್ದರೂ ನಾಲ್ಕು ಮಾರು ಓಡಿ ಸಾಯುತ್ತಿತ್ತು. ಈಗ ಹಟ್ಟಿಗಳೆಲ್ಲ ಕಾರ್ ಶೆಡ್ ಆಗಿವೆ. ಮುಳಿಹುಲ್ಲು ಎದೆಯೆತ್ತರ ಒಣಗಿ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಬೆಂಕಿ ಗ್ಯಾರಂಟಿ. ಅಲ್ಲೂ ದನ ಹೋದದ್ದಕ್ಕೇ ಬೆಂಕಿ ಹಬ್ಬಿತು ಅಂತ ನಾನು ಹೇಳುತ್ತಿಲ್ಲ. ದನ ಇದ್ದ ಕಾಲದಲ್ಲೂ ಆ ದ್ವೀಪ ಹೊತ್ತಿ ಉರಿದದ್ದುಂಟು. ಆದರೆ ನೂರು ಚಿಲ್ಲರೆ ವರ್ಷ ಹುಲ್ಲು ಮೇಯ್ದ ಬಾಯಿ ಒಮ್ಮೆಲೇ ಇಲ್ಲವಾದರೆ ಹುಲ್ಲು ಸುಮ್ಮನೆ ಕೂರುವುದಿಲ್ಲ, ಅಷ್ಟು ಗೊತ್ತು.

ಕರುವಿನ ಕತೆ ಬಾಕಿ ಇದೆ.

ಬೊಳ್ಳಿ ಮಾರನೇ ದಿನವೇ ಅಮ್ಮನ ಕೈಯಿಂದ ಬಾಯರು (ಕಲಗಚ್ಚು) ಕುಡಿದಳು. ಹಗ್ಗಕ್ಕೆ ಕುತ್ತಿಗೆ ಕೊಟ್ಟಳು. ಕರು ಮಾತ್ರ ತೋಟದ ಅಂಚು ಬಿಟ್ಟು ಬರಲಿಲ್ಲ. ರಾತ್ರಿ ಹಟ್ಟಿಯ ಗೋಡೆಯ ಹೊರಗೆ ಬಂದು ನಿಲ್ಲುತ್ತಿತ್ತು, ಒಳಗಿನಿಂದ ಬೊಳ್ಳಿ ಹೂಂಕರಿಸುತ್ತಿದ್ದಳು. ಟಾರ್ಚ್ ಬಿಟ್ಟರೆ ಓಟ. ಐದನೇ ದಿನ ಅಪ್ಪ ಮತ್ತು ಆಚೆ ಮನೆಯ ಇಬ್ಬರು ಸೇರಿ ಅದನ್ನು ಬೇಲಿ ಮೂಲೆಗೆ ಒತ್ತಿ ಹಿಡಿದರು. ಎಂಬತ್ತು ಕಿಲೋ ಕೂಡ ಇರದ ಪ್ರಾಣಿ ಮೂವರನ್ನು ಕೆಡವಿತು. ಅಪ್ಪನ ಮುಂಗೈ ಉಳುಕಿತು. ಹಟ್ಟಿಯಲ್ಲಿ ಕಟ್ಟಿದ್ದು ಒಂದೇ ರಾತ್ರಿ. ಮೇವು ಮೂಸಲಿಲ್ಲ, ನೀರು ಮುಟ್ಟಲಿಲ್ಲ, ಮಲಗಲಿಲ್ಲ. ಹಗ್ಗ ಜಗ್ಗಿ ಜಗ್ಗಿ ಕುತ್ತಿಗೆ ಸುಲಿದಿತ್ತು. ಬೆಳಿಗ್ಗೆ ಅಪ್ಪ ಕತ್ತಿ ತಂದು ಹಗ್ಗ ಕೊಯ್ದರು. ಬಿಚ್ಚಲು ಹತ್ತಿರ ಹೋಗುವ ಹಾಗೇ ಇರಲಿಲ್ಲ.

ಅದು ಗುಡ್ಡೆ ಹತ್ತಿತು. ಬೊಳ್ಳಿ ಕೂಗಿದಳು, ತಿರುಗಿ ನೋಡಲಿಲ್ಲ.

ಘಟ್ಟದ ಬುಡದಲ್ಲಿ ದನಕ್ಕೆ ಉಪ್ಪು ಸಾಲುವುದಿಲ್ಲ. ಅದಕ್ಕೇ ಅವು ಮನುಷ್ಯರ ಹತ್ತಿರ ಬರುತ್ತವೆ ಅಂತ ಅಪ್ಪ ಹೇಳುತ್ತಿದ್ದರು. ಅವತ್ತಿನಿಂದ ಅವರು ಪ್ರತಿ ಶನಿವಾರ ಸಂಜೆ ಗುಡ್ಡೆಯ ಅರ್ಧದಲ್ಲಿರುವ ಪಾದೆಕಲ್ಲಿನ ಗುಳಿಯಲ್ಲಿ ಒಂದು ಹಿಡಿ ಕಲ್ಲುಪ್ಪು ಇಟ್ಟು ಬರುತ್ತಿದ್ದರು. ಮಳೆಗಾಲದಲ್ಲಿ ಮೇಲೆ ಒಂದು ಅಡಿಕೆ ಹಾಳೆ ಮುಚ್ಚಿ ಅಂಚಿಗೆ ಕಲ್ಲು ಹೇರುತ್ತಿದ್ದರು. ಮರುದಿನ ಹಾಳೆ ಬದಿಗೆ ಬಿದ್ದಿರುತ್ತಿತ್ತು, ಗುಳಿ ನೆಕ್ಕಿ ನೆಕ್ಕಿ ನುಣ್ಣಗೆ. ನಮ್ಮ ಹಟ್ಟಿಯ ದನಗಳು ಆ ಕಡೆ ಮೇಯುತ್ತಿರಲಿಲ್ಲ. ಸುತ್ತ ಸಣ್ಣ ಗೊರಸಿನ ಗುರುತು, ಎರಡು ವರ್ಷ ಕಳೆದ ಮೇಲೆ ಅದರ ಜೊತೆಗೆ ಇನ್ನೂ ಸಣ್ಣ ಗೊರಸು.

ನಾನು 1990ರಲ್ಲಿ ಟ್ರೈನಿಂಗ್‌ಗೆ ಅಂತ ಮನೆ ಬಿಟ್ಟೆ. ಎರಡನೇ ರಜೆಯಲ್ಲಿ ಬಂದಾಗ ಅಪ್ಪನ ಜೊತೆ ಪಾದೆಕಲ್ಲಿಗೆ ಹೋದೆ. ಹಾಳೆ ಹಾಗೇ ಇತ್ತು. ಎತ್ತಿ ನೋಡಿದರೆ ಉಪ್ಪು ಕರಗಿ, ಗುಳಿಯಲ್ಲಿ ನೀರು ನಿಂತಿತ್ತು. ಅಪ್ಪ ನೀರು ಚೆಲ್ಲಿ, ಪಂಚೆಯ ತುದಿಯ ಗಂಟು ಬಿಚ್ಚಿ, ಹೊಸ ಉಪ್ಪು ಹಾಕಿ, ಹಾಳೆ ಮುಚ್ಚಿದರು.